ವಾರ್ಡಿನ ಚರಂಡಿ ಹಣ ಬೇರೆ ಕಾಮಗಾರಿಗೆ ಹೋದರೆ ಪಾಲಿಕೆ ಸದಸ್ಯರಿಂದ ಕಾರಣ ಕೇಳುವುದು ಹೇಗೆ?

ಪ್ರಶ್ನೆ: ನಾವು ಜಿಲ್ಲಾ ಕೇಂದ್ರವೊಂದರ ಮಹಾನಗರ ಪಾಲಿಕೆಯ ವ್ಯಾಪ್ತಿಯ ಬಡಾವಣೆಯವರು. ಮಳೆಗಾಲದಲ್ಲಿ ಮನೆಗಳಿಗೆ ನೀರು ನುಗ್ಗುವುದರಿಂದ ಹಲವು ಸಲ ಮನವಿ ಕೊಟ್ಟು, ಎರಡು ಅಡ್ಡರಸ್ತೆಗಳ ಚರಂಡಿ ಕಾಮಗಾರಿಯನ್ನು ಪಾಲಿಕೆಯ ಕ್ರಿಯಾ ಯೋಜನೆಗೆ (ಹಣ ಗೊತ್ತುಮಾಡಿ ಕೈಗೊಳ್ಳಬೇಕಾದ ಕೆಲಸಗಳ ಪಟ್ಟಿಗೆ) ಸೇರಿಸಿಕೊಂಡಿದ್ದೆವು. ಈಗ ಆ ಹಣದಲ್ಲಿ ಅದೇ ವಾರ್ಡಿನ ಮುಖ್ಯರಸ್ತೆಯ ಪಾದಚಾರಿ ಮಾರ್ಗಕ್ಕೆ ಇಂಟರ್‌ಲಾಕ್ ಹಾಕಲಾಗುತ್ತಿದೆ. ಸದಸ್ಯರನ್ನು ಕೇಳಿದರೆ ‘ಸಭೆಯಲ್ಲಿ ತೀರ್ಮಾನವಾಗಿದೆ, ನನ್ನ ಕೈಯಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಎಂಜಿನಿಯರನ್ನು ಕೇಳಿದರೆ ‘ಸದಸ್ಯರನ್ನೇ ಕೇಳಿ’ ಎನ್ನುತ್ತಾರೆ. ನಾವು ಮತ ಕೊಟ್ಟು ಕಳುಹಿಸಿದ ಸದಸ್ಯರು ತಮ್ಮ ತೀರ್ಮಾನಕ್ಕೆ ಕಾರಣ ಹೇಳಲೇಬೇಕೆಂದು ಕಾನೂನು ಇದೆಯೇ? ಇಲ್ಲದಿದ್ದರೆ ನಾವೇನು ಮಾಡಬೇಕು?

ಉತ್ತರ: ತಮ್ಮ ಪ್ರಶ್ನೆಯಲ್ಲಿ ಸದಸ್ಯರೆಂಬ ವ್ಯಕ್ತಿಯ ಹೊಣೆ ಮತ್ತು ಪಾಲಿಕೆಯೆಂಬ ಸಂಸ್ಥೆಯ ಹೊಣೆ ಒಂದರೊಳಗೊಂದು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಬೇಕು. ಸದಸ್ಯರು ತಾವು ಸಭೆಯಲ್ಲಿ ತಳೆದ ನಿಲುವಿಗೆ ನಿವಾಸಿಗಳಿಗೆ ಲಿಖಿತ ವಿವರಣೆ ಕೊಡಲೇಬೇಕು, ಕೊಡದಿದ್ದರೆ ಸ್ಥಾನ ಕಳೆದುಕೊಳ್ಳುತ್ತಾರೆ ಎಂದು ಹೇಳುವ ಕಲಮು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಇಲ್ಲ. ಆದರೆ ಪಾಲಿಕೆ ಕೈಗೊಂಡ ತೀರ್ಮಾನಕ್ಕೆ ಕಾರಣ ಕಡತದಲ್ಲಿ ಇರಬೇಕು, ಅದರಿಂದ ಬಾಧಿತರಾದವರಿಗೆ ಆ ಕಾರಣವನ್ನು ತಿಳಿಸಬೇಕು ಎನ್ನುವ ಮಾಹಿತಿ ಹಕ್ಕು ಕಾಯ್ದೆ 2005ರಿಂದಲೂ ಜಾರಿಯಲ್ಲಿದೆ. ಆದ್ದರಿಂದ ಮೊದಲು ಸಂಸ್ಥೆಯಿಂದ ಕಾಗದ ಪಡೆದುಕೊಳ್ಳಿ, ಆ ಕಾಗದವನ್ನು ಮುಂದಿಟ್ಟುಕೊಂಡು ಸದಸ್ಯರನ್ನು ಜನರ ಎದುರಿನಲ್ಲಿ ಕೇಳಿ. ಬಹಳಷ್ಟು ನಿವಾಸಿಗಳು ಈ ಕ್ರಮವನ್ನು ತಿರುವುಮುರುವು ಮಾಡಿ, ಬರಿಗೈಯಲ್ಲಿ ಸದಸ್ಯರ ಮನೆ ಬಾಗಿಲಿಗೆ ಹೋಗಿ, ತಮಗೆ ಸಿಕ್ಕಂಥದೇ ಉತ್ತರವನ್ನು ಪಡೆದು ಹಿಂದಿರುಗುತ್ತಾರೆ.

‘ಸಭೆಯಲ್ಲಿ ತೀರ್ಮಾನವಾಗಿದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ವಾರ್ಡಿನ ಕಾಮಗಾರಿ ಯಾವತ್ತೂ ಒಬ್ಬರ ಒಂದೇ ಸಹಿಯಿಂದ ಹುಟ್ಟುವುದಿಲ್ಲ, ಒಂದೇ ಸಹಿಯಿಂದ ಬದಲಾಗುವುದೂ ಇಲ್ಲ. ಸಾಮಾನ್ಯವಾಗಿ ಸದಸ್ಯರು ಶಿಫಾರಸು ಮಾಡುತ್ತಾರೆ. ವಾರ್ಡಿನ ಕಿರಿಯ ಅಥವಾ ಸಹಾಯಕ ಎಂಜಿನಿಯರು ಸ್ಥಳ ನೋಡಿ ಅಂದಾಜು ಪಟ್ಟಿ ಸಿದ್ಧಪಡಿಸುತ್ತಾರೆ. ಕ್ರಿಯಾ ಯೋಜನೆ ಸ್ಥಾಯಿ ಸಮಿತಿ ಅಥವಾ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಅನುದಾನ ಯಾವುದೆಂಬುದನ್ನು ಅವಲಂಬಿಸಿ ಅದು ಜಿಲ್ಲಾಧಿಕಾರಿಗಳ ಅಥವಾ ಸರ್ಕಾರದ ಅನುಮೋದನೆಗೂ ಹೋಗಬಹುದು. ಆ ಬಳಿಕವೇ ಟೆಂಡರು, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಬಿಲ್ಲು. ಒಮ್ಮೆ ಅನುಮೋದನೆಗೊಂಡ ಕೆಲಸವನ್ನು ಬಿಟ್ಟು ಬೇರೊಂದನ್ನು ಎತ್ತಿಕೊಳ್ಳುವುದಕ್ಕೆ ಪಾಲಿಕೆಯಲ್ಲಿ ‘ಬದಲಿ ಕಾಮಗಾರಿ’ ಎನ್ನುತ್ತಾರೆ. ಬದಲಿ ಕಾಮಗಾರಿಯೂ ಇದೇ ದಾರಿಯಲ್ಲಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಅಂದರೆ ಯಾರೋ ಒಬ್ಬರು ಬದಲಾವಣೆ ಕೋರಿ ಪತ್ರ ಬರೆದಿರುತ್ತಾರೆ, ಯಾರೋ ಒಬ್ಬರು ಅದರ ಮೇಲೆ ಟಿಪ್ಪಣಿ ಮಂಡಿಸಿರುತ್ತಾರೆ, ಯಾರೋ ಒಬ್ಬರು ಒಪ್ಪಿರುತ್ತಾರೆ. ತಮಗೆ ಬೇಕಾಗಿರುವುದು ಈ ಮೂರು ಹೆಜ್ಜೆಗಳ ದಾಖಲೆ. ಪತ್ರ ಬರೆದವರು ತಮ್ಮ ಸದಸ್ಯರೇ ಆಗಿದ್ದರೆ ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರಲ್ಲದೆ ಬೇರೆಯವರು ಬರೆದಿದ್ದರೆ, ತಾವು ಇಷ್ಟು ದಿನ ತಪ್ಪು ವ್ಯಕ್ತಿಯ ಮೇಲೆ ಸಿಟ್ಟಾಗಿದ್ದೀರಿ ಎಂಬುದು ತಿಳಿಯುತ್ತದೆ. ಎರಡೂ ತಿಳಿಯಬೇಕಾದ ಸಂಗತಿಗಳೇ.

ಹಣ ಯಾವ ಲೆಕ್ಕಶೀರ್ಷಿಕೆಯದು, ಅಂದರೆ ಯಾವ ಮೂಲದಿಂದ ಯಾವ ಉದ್ದೇಶಕ್ಕೆ ಬಂದದ್ದು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಪಾಲಿಕೆಯ ಸ್ವಂತ ನಿಧಿಯಾದರೆ ಸಭೆಗೆ ಹೆಚ್ಚು ಸ್ವಾತಂತ್ರ್ಯವಿರುತ್ತದೆ. 15ನೇ ಹಣಕಾಸು ಆಯೋಗದ (2026ರ ಮಾರ್ಚ್‌ವರೆಗಿನ) ಕೇಂದ್ರ ಅನುದಾನವಾದರೆ ಅದರ ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ ಹಣ. ಚರಂಡಿಗೆ ಅಂಥ ಪಾಲಿನಿಂದ ಮಂಜೂರಾಗಿದ್ದರೆ ಅದನ್ನು ಪಾದಚಾರಿ ಮಾರ್ಗದ ಅಲಂಕಾರಕ್ಕೆ ತಿರುಗಿಸಿದ್ದು ಹೇಗೆ ಎಂಬ ಪ್ರಶ್ನೆ ಸದಸ್ಯರ ಇಷ್ಟಾನಿಷ್ಟವನ್ನು ದಾಟಿ ಲೆಕ್ಕಪರಿಶೋಧನೆಯ ಪ್ರಶ್ನೆಯಾಗುತ್ತದೆ. ಹಾಗೆಯೇ ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭಿವೃದ್ಧಿಗೆ ಶೇ. 24.10, ಇತರ ಬಡವರ್ಗಗಳಿಗೆ ಶೇ. 7.25, ಅಂಗವಿಕಲರ ಕಲ್ಯಾಣಕ್ಕೆ ಶೇ. 5 ಎಂದು ಹಣ ತೆಗೆದಿರಿಸುವ ಪದ್ಧತಿಯಿದೆ. ತಮ್ಮ ಅಡ್ಡರಸ್ತೆಗಳು ಅಂಥ ಮೀಸಲು ಮೊತ್ತದ ಅಡಿ ಸೇರಿದ್ದವೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಇದ್ದಲ್ಲಿ ತಮ್ಮ ಅಹವಾಲಿನ ತೂಕವೇ ಬೇರೆ.

ಈಗ ಕಾಗದ ಪಡೆಯುವ ವಿಚಾರ. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಉಪಕಲಮು ಸಾರ್ವಜನಿಕರನ್ನು ತಟ್ಟುವ ಮಹತ್ವದ ನೀತಿ ರೂಪಿಸುವಾಗ ಅಥವಾ ತೀರ್ಮಾನ ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕೆನ್ನುತ್ತದೆ. 4(1)(ಡಿ) ಉಪಕಲಮು ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣವನ್ನು ಬಾಧಿತ ವ್ಯಕ್ತಿಗಳಿಗೆ ಒದಗಿಸಬೇಕೆನ್ನುತ್ತದೆ. ಸಭೆ, ಸಮಿತಿಗಳ ಕಲಾಪಕ್ಕೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡಾವಳಿಗಳು (ಸಭೆಯಲ್ಲಿ ನಡೆದದ್ದರ ಲಿಖಿತ ದಾಖಲೆಗಳು) ಸಾರ್ವಜನಿಕರಿಗೆ ಸಿಗುತ್ತವೆಯೇ ಎಂಬುದನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಿರಬೇಕೆಂದೂ ಅದೇ 4ನೇ ಕಲಮು ವಿಧಿಸುತ್ತದೆ. ಈ ಕಲಮುಗಳನ್ನು ಉಲ್ಲೇಖಿಸಿ ಆಯುಕ್ತರಿಗೆ ಒಂದು ಪುಟದ ಮನವಿ ಬರೆಯಿರಿ, ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಲಿಖಿತ ಹಿಂಬರಹ ಕೊಡಬೇಕೆಂದು ಮನವಿಯ ಕೊನೆಯಲ್ಲಿಯೇ ಕೋರಿರಿ. ಹಿಂಬರಹವೆಂದರೆ ಕಚೇರಿಯವರು ತಾವು ಹೇಳಿದ ಮಾತಿಗೆ ತಾವೇ ಸಹಿ ಹಾಕಿದಂತೆ. ಬಾಯಿಮಾತಿನಲ್ಲಿ ಸುಲಭವಾಗಿ ಬರುವ ಉತ್ತರಗಳು ಹಿಂಬರಹದಲ್ಲಿ ಬರುವುದಿಲ್ಲ.

ಮನವಿಯ ಜೊತೆಗೇ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ‘ನಮ್ಮ ಚರಂಡಿ ಕಾಮಗಾರಿಯನ್ನು ಏಕೆ ಕೈಬಿಟ್ಟಿರಿ?’ ಎಂದು ಅರ್ಜಿಯಲ್ಲಿ ಕೇಳಿದರೆ, ‘ಇದು ಮಾಹಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದು ತಿಂಗಳು ವ್ಯರ್ಥವಾಗುತ್ತದೆ. ಸಿಬಿಎಸ್‌ಇ ಉತ್ತರಪತ್ರಿಕೆಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದಂತೆ, ಈ ಕಾಯ್ದೆಯಡಿ ಸಿಗುವುದು ದಾಖಲೆಯಲ್ಲಿ ಇರುವ ಮಾಹಿತಿ. ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿಕೊಡುವ, ಅಭಿಪ್ರಾಯ ಹೇಳುವ ಬಾಧ್ಯತೆ ಅಧಿಕಾರಿಗಿಲ್ಲ. ಆದ್ದರಿಂದ ‘ಏಕೆ’ ಎಂಬ ಪ್ರಶ್ನೆಯನ್ನು ಆ ‘ಏಕೆ’ಯನ್ನು ಹೊತ್ತಿರುವ ಕಾಗದದ ಹೆಸರಿನಲ್ಲಿ ಕೇಳಬೇಕು. ಅರ್ಜಿ ಹೀಗಿರಲಿ: ‘ಇಂತಿಷ್ಟನೇ ವಾರ್ಡಿನ ಇಂಥ ಅಡ್ಡರಸ್ತೆಗಳ ಚರಂಡಿ ಕಾಮಗಾರಿಯನ್ನು ಬೇರೆ ಕಾಮಗಾರಿಗೆ ಬದಲಾಯಿಸಿದ ಕಡತಕ್ಕೆ ಸಂಬಂಧಿಸಿ, ಮೂಲ ಹಾಗೂ ಪರಿಷ್ಕೃತ ಕ್ರಿಯಾ ಯೋಜನೆ, ಬದಲಾವಣೆ ಕೋರಿ ಬಂದ ಪತ್ರ ಅಥವಾ ಶಿಫಾರಸು, ಕಡತದ ಎಲ್ಲ ಟಿಪ್ಪಣಿ ಹಾಳೆಗಳು, ವಿಷಯ ಮಂಡನೆಯಾದ ಸಭೆಗಳ ಕಾರ್ಯಸೂಚಿ ಹಾಗೂ ನಡಾವಳಿ, ಅನುಮೋದನೆಯ ಆದೇಶ, ಇವುಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು ಮತ್ತು ಕಡತವನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ ನೀಡಬೇಕು.’

ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೇಲಿನ ಒಕ್ಕಣೆ ಆ ಮಿತಿಯೊಳಗಿದೆ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಮಾಹಿತಿ ಯಾಕೆ ಬೇಕೆಂದು ಅರ್ಜಿದಾರರು ಹೇಳಬೇಕಾಗಿಲ್ಲ, ಕೇಳಿದರೂ ಉತ್ತರಿಸಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬರದಿದ್ದರೆ ಅಥವಾ ಅಪೂರ್ಣವಾಗಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಸಂಸ್ಥೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಯೂ ಫಲಿಸದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆಯೋಗದಲ್ಲಿ ಪ್ರಕರಣಗಳು ತಿಂಗಳುಗಟ್ಟಲೆ ಕಾಯುವುದು ನಿಜವಾದ್ದರಿಂದ, ಪ್ರತಿಗಳಿಗಿಂತ ಕಡತ ಪರಿಶೀಲನೆಯ ಮೇಲೆ ಹೆಚ್ಚು ಒತ್ತು ಕೊಡಿ ಎಂಬುದು ನನ್ನ ಸಲಹೆ. ಕಡತವನ್ನು ಎದುರಿಗಿಟ್ಟುಕೊಂಡು ಒಂದು ಗಂಟೆ ಕುಳಿತರೆ, ಯಾವ ಹಾಳೆಯ ಪ್ರತಿ ಬೇಕೆಂಬುದು ತಮಗೇ ತಿಳಿಯುತ್ತದೆ. ಇನ್ನೊಂದು ಮಾತು: ವಾರ್ಡಿನ ಸದಸ್ಯರು ಮಾಹಿತಿ ಅಧಿಕಾರಿಯಲ್ಲ. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗಿನ ದಂಡ ಬೀಳುವುದು ಪಾಲಿಕೆಯ ಮಾಹಿತಿ ಅಧಿಕಾರಿಯ ಮೇಲೆ. ಹಾಗಾಗಿ ಅರ್ಜಿಯನ್ನು ಸದಸ್ಯರ ಹೆಸರಿಗೆ ಬರೆಯಬೇಡಿ.

ನಡಾವಳಿ ಕೈಗೆ ಬಂದಾಗ ಅದನ್ನು ಓದುವ ಬಗೆಯೂ ಇದೆ. ವಿಷಯವು ಮುಂಚಿತವಾಗಿ ಹಂಚಿದ ಕಾರ್ಯಸೂಚಿಯಲ್ಲಿತ್ತೋ, ಪೂರಕ ಕಾರ್ಯಸೂಚಿಯಲ್ಲಿ ಬಂತೋ, ಅಥವಾ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ನುಸುಳಿತೋ ನೋಡಿ. ಅನುಮೋದನೆ ಕೆಲಸಕ್ಕಿಂತ ಮುಂಚಿನದೋ, ಕೆಲಸ ಶುರುವಾದ ಮೇಲೆ ಪಡೆದ ಘಟನೋತ್ತರ ಅನುಮೋದನೆಯೋ ನೋಡಿ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದಿದ್ದರೆ ತಮ್ಮ ಸದಸ್ಯರೂ ಅದಕ್ಕೆ ಒಪ್ಪಿದ್ದಾರೆಂದೇ ಅರ್ಥ. ತಾವು ವಿರೋಧಿಸಿದ್ದೆವೆಂದು ಅವರು ಈಗ ಹೇಳಿದರೆ, ಆ ವಿರೋಧ ನಡಾವಳಿಯಲ್ಲಿ ಏಕೆ ದಾಖಲಾಗಲಿಲ್ಲವೆಂದು ಕೇಳಬಹುದು. ಕಡತದಲ್ಲಿ ಯಾವ ಕಾರಣವೂ ಇಲ್ಲದಿದ್ದರೆ ಅದೇ ತಮಗೆ ಸಿಕ್ಕ ಅತ್ಯಂತ ಬಲವಾದ ಉತ್ತರ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರ ಡಿಸೆಂಬರಿನಲ್ಲಿಯೇ ಹೇಳಿದ ತತ್ತ್ವವಿದು: ಶಾಸನಬದ್ಧ ಅಧಿಕಾರ ಬಳಸಿ ಹೊರಡಿಸಿದ ಆದೇಶವನ್ನು ಅದರಲ್ಲಿ ನಮೂದಾದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ಪ್ರಮಾಣಪತ್ರದ ಮೂಲಕ ಹೊಸ ಕಾರಣಗಳನ್ನು ತುಂಬಿ ಅದನ್ನು ಉಳಿಸಿಕೊಳ್ಳಲಾಗದು. ತಾವು ನ್ಯಾಯಾಲಯಕ್ಕೆ ಹೋಗದಿದ್ದರೂ ಈ ತತ್ತ್ವ ಅಧಿಕಾರಿಗಳಿಗೆ ಗೊತ್ತಿದೆ. ಮನವಿಯಲ್ಲಿ ಅದರ ಉಲ್ಲೇಖವಿದ್ದರೆ ಅವರು ಮನವಿಯನ್ನು ಎರಡನೆಯ ಸಲ ಓದುತ್ತಾರೆ.

ಸದಸ್ಯರ ವೈಯಕ್ತಿಕ ಹೊಣೆಗೆ ಬರೋಣ. ಇದನ್ನು ಕೇಳುವ ಕಾಯಂ ವೇದಿಕೆಯನ್ನು ಕಾನೂನು ಕೊಟ್ಟಿದೆ, ನಾವು ಬಳಸಿಕೊಂಡಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ, ಮೂರು ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು 243-ಎಸ್ ವಿಧಿ ಹೇಳಿತು. ರಾಜ್ಯವು 1976ರ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ಸಮಿತಿ, ಅದರ ಕೆಳಗೆ ವಾರ್ಡಿನ ಒಂದೊಂದು ಭಾಗದ ಮತದಾರರು ಸೇರುವ ಪ್ರದೇಶ ಸಭೆ ಎಂಬ ವ್ಯವಸ್ಥೆ ಮಾಡಿತು. ವಾರ್ಡಿನ ಸದಸ್ಯರೇ ಸಮಿತಿಯ ಅಧ್ಯಕ್ಷರು. ನಾಮನಿರ್ದೇಶಿತರಾದ ಹತ್ತು ಮಂದಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು. ವಾರ್ಡಿನ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ವಾರ್ಡಿಗೆ ಬಂದ ಹಣ ಸರಿಯಾಗಿ ಬಳಕೆಯಾಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ತಮ್ಮ ಚರಂಡಿಯ ಪ್ರಶ್ನೆ ನೇರವಾಗಿ ಇದರೊಳಗೆ ಬರುತ್ತದೆ.

ಹಳ್ಳಿಯವರಿಗೆ ಈ ಅನುಕೂಲ ನಮಗಿಂತ ಹೆಚ್ಚು ರೂಢಿಯಾಗಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ಯಾವ ಮತದಾರನಾದರೂ ಎದ್ದುನಿಂತು ‘ನಮ್ಮ ಓಣಿಯ ಕೆಲಸ ಎಲ್ಲಿಗೆ ಹೋಯಿತು?’ ಎಂದು ಕೇಳಬಹುದು. ಪಂಚಾಯಿತಿಯ ಸಾರ್ವಜನಿಕ ಲೆಕ್ಕ ಪರಿಶೀಲನೆಯಾದ ಜಮಾಬಂದಿಯಲ್ಲಿ ಲೆಕ್ಕವನ್ನೂ ಕೆಲಸವನ್ನೂ ಒಟ್ಟಿಗೆ ನೋಡಬಹುದು. ಅನೇಕ ಗ್ರಾಮಸಭೆಗಳು ಕೋರಂ ಇಲ್ಲದೆ, ಗದ್ದಲದಲ್ಲಿ ಮುಗಿಯುತ್ತವೆಂಬುದು ಗೊತ್ತಿದ್ದರೂ, ಕೇಳುವ ಜಾಗ ಒಂದಿದೆ ಎಂಬ ಅರಿವು ಹಳ್ಳಿಯ ಸದಸ್ಯರ ನಡವಳಿಕೆಯನ್ನು ಬದಲಿಸಿದೆ. ನಗರದ ಸದಸ್ಯರಿಗೆ ಅಂಥ ದಿನವೇ ಬರುವುದಿಲ್ಲ. ಐದು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಪಕ್ಷದ ಚಿಹ್ನೆಯ ನೆರಳಿನಲ್ಲಿ. ಕಟ್ಟಿದ ತೆರಿಗೆ ಎಲ್ಲಿಗೆ ಹೋಯಿತೆಂದು ಕೇಳಲು ನಗರದವನಿಗೆ ಒಂದು ಕುರ್ಚಿಯೂ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ನಮ್ಮ ಪ್ರಜಾಪ್ರಭುತ್ವದ ದೊಡ್ಡ ಅನ್ಯಾಯಗಳಲ್ಲಿ ಒಂದು.

ಬೆಂಗಳೂರಿನ ಅನುಭವ ಇಲ್ಲಿ ಪಾಠವಾಗಬಲ್ಲದು. ಅಲ್ಲಿ ವಾರ್ಡ್ ಸಮಿತಿಗಳು ಬಹುಕಾಲ ಕಾಗದದ ಮೇಲೆಯೇ ಇದ್ದವು. ಘನತ್ಯಾಜ್ಯ ವಿಲೇವಾರಿ ಕುರಿತ ಪ್ರಕರಣದಲ್ಲಿ ಹೈಕೋರ್ಟ್ ಪಟ್ಟುಹಿಡಿದ ಮೇಲೆ, 198 ವಾರ್ಡುಗಳಲ್ಲಿ ಸಮಿತಿ ರಚನೆಯಾಗಿ, 2018ರ ಕೊನೆಯ ಹೊತ್ತಿಗೆ ತಿಂಗಳಿಗೊಮ್ಮೆ ಸಭೆ ಸೇರುವ ಪದ್ಧತಿ ಶುರುವಾಯಿತು. ಎಲ್ಲ ವಾರ್ಡುಗಳಲ್ಲೂ ಅದು ಚೆನ್ನಾಗಿ ನಡೆಯಿತೆಂದು ಹೇಳಲಾರೆ. ಆದರೆ ನಿವಾಸಿಗಳು ತಪ್ಪದೆ ಬಂದು, ಹಿಂದಿನ ಸಭೆಯ ನಡಾವಳಿ ಕೈಯಲ್ಲಿಟ್ಟುಕೊಂಡು ಕುಳಿತ ಕಡೆ, ಸದಸ್ಯರೂ ಎಂಜಿನಿಯರೂ ಒಂದೇ ಮೇಜಿನ ಎದುರು ಸಿಕ್ಕರು. ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುವುದು ಅಲ್ಲಿ ಕಷ್ಟ. ತಮ್ಮನ್ನು ಅತ್ತಿಂದಿತ್ತ ಅಲೆಸುತ್ತಿರುವ ಆಟಕ್ಕೆ ಬೇರೆ ಮದ್ದನ್ನು ನಾನು ಕಂಡಿಲ್ಲ. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಚುನಾಯಿತ ಸಭೆಯ ಅವಧಿ ಮುಗಿದ ನಂತರ ಸಮಿತಿಗಳ ಹೊಣೆ ನೋಡಲ್ ಅಧಿಕಾರಿಗಳಿಗೆ ಹೋಯಿತು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು.

ತಮ್ಮ ಪಾಲಿಕೆಯಲ್ಲಿ ವಾರ್ಡ್ ಸಮಿತಿ ರಚನೆಯಾಗಿದೆಯೇ ಎಂದು ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ. ಆಗಿದ್ದರೆ ಸದಸ್ಯರ ಹೆಸರು, ಕಳೆದ ಸಭೆಗಳ ದಿನಾಂಕ ಮತ್ತು ನಡಾವಳಿ ಕೇಳಿ. ಆಗಿಲ್ಲದಿದ್ದರೆ ರಚಿಸಬೇಕೆಂದು ಕೋರಿ ಬಡಾವಣೆಯವರೆಲ್ಲ ಸಹಿ ಹಾಕಿದ ಮನವಿಯನ್ನು ಆಯುಕ್ತರಿಗೂ ಮೇಯರ್ ಅವರಿಗೂ ಕೊಡಿ. ಚುನಾಯಿತ ಸಭೆಯ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಊರಿನಲ್ಲಿ ಕಾರಣ ಹೇಳುವ ಹೊಣೆ ಪೂರ್ತಿಯಾಗಿ ಆಡಳಿತಾಧಿಕಾರಿಯದು. ಮಾಹಿತಿ ಹಕ್ಕು ಅಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ. ಉಡುಪಿ, ಚಿಕ್ಕಮಗಳೂರಿನಂಥ ಮೂರು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಸಭೆಗಳು ಸಂವಿಧಾನದ ಆ ಕಡ್ಡಾಯದೊಳಗೆ ಬರುವುದಿಲ್ಲ. ಅಲ್ಲಿನ ಓದುಗರು ಸಾಮಾನ್ಯ ಸಭೆಯ ಕಾರ್ಯಸೂಚಿ ಮತ್ತು ನಡಾವಳಿಗಳ ಮೇಲೆಯೇ ಹೆಚ್ಚು ಕಣ್ಣಿಡಬೇಕಾಗುತ್ತದೆ.

ಸದಸ್ಯರೊಡನೆ ಮಾತಾಡುವ ರೀತಿಯ ಬಗ್ಗೆ ಒಂದೆರಡು ಮಾತು. ಕಾರಣ ಕೇಳುವುದನ್ನೂ ಆರೋಪ ಮಾಡುವುದನ್ನೂ ಬೆರೆಸಬೇಡಿ. ಹಣ ಹೊಡೆದಿದ್ದಾರೆಂಬ ಮಾತಿನಿಂದ ಶುರುಮಾಡಿದರೆ ಸದಸ್ಯರು ತಮ್ಮ ರಕ್ಷಣೆಗೆ ನಿಲ್ಲುತ್ತಾರೆ, ಅವರ ಬೆಂಬಲಿಗರು ಅಡ್ಡ ಬರುತ್ತಾರೆ, ಚರಂಡಿಯ ಮಾತು ಬಿದ್ದುಹೋಗುತ್ತದೆ. ಅವರಿಗೆ ನಿಜವಾದ ಕಾರಣವೂ ಇರಬಹುದು: ಚರಂಡಿಯ ನೀರು ಹೋಗಿ ಸೇರಬೇಕಾದ ರಾಜಕಾಲುವೆಯ ಮಟ್ಟ ಸರಿಹೊಂದದೆ ಎಂಜಿನಿಯರು ಆಕ್ಷೇಪಿಸಿರಬಹುದು, ಒಳಚರಂಡಿ ಕೊಳವೆ ಹಾಕುವವರೆಗೆ ತಡೆಯಲು ಹೇಳಿರಬಹುದು. ಅಂಥ ಕಾರಣವಿದ್ದರೆ ಅದನ್ನು ಕೇಳಿ ಒಪ್ಪುವ ಮನಸ್ಸು ನಮಗೂ ಇರಬೇಕು. ಹಾಗಲ್ಲದೆ, ಕಾಮಗಾರಿಯಲ್ಲಿ ಸದಸ್ಯರಿಗೆ ಅಥವಾ ಅವರ ಮನೆಯವರಿಗೆ ಹಣಕಾಸಿನ ಹಿತಾಸಕ್ತಿ ಇದೆಯೆಂಬುದಕ್ಕೆ ದಾಖಲೆ ಸಿಕ್ಕರೆ, ಆಗ ದಾರಿ ಬೇರೆ. ಪಾಲಿಕೆಯ ಗುತ್ತಿಗೆಯಲ್ಲಿ ಪಾಲು ಹೊಂದುವುದು ಸದಸ್ಯತ್ವದ ಅನರ್ಹತೆಗೇ ಕಾರಣವಾಗುವ ಗಂಭೀರ ವಿಷಯ. ಅದನ್ನು ವಕೀಲರ ಸಲಹೆ ಪಡೆದು ಪ್ರತ್ಯೇಕವಾಗಿ ನಡೆಸಬೇಕು. ಹೈಕೋರ್ಟಿನ ರಿಟ್ ಅರ್ಜಿಯ ಬಗ್ಗೆಯೂ ಇಷ್ಟೇ ಹೇಳುತ್ತೇನೆ: ಯಾವ ಓಣಿಗೆ ಚರಂಡಿ ಮೊದಲು ಬೇಕೆಂದು ನ್ಯಾಯಾಲಯ ತೀರ್ಮಾನಿಸುವುದಿಲ್ಲ, ಕ್ರಮ ತಪ್ಪಿದೆಯೇ, ಕಾರಣವಿಲ್ಲದೆ ಮನಸ್ಸಿಗೆ ಬಂದಂತೆ ಮಾಡಲಾಗಿದೆಯೇ ಎಂಬುದನ್ನಷ್ಟೇ ನೋಡುತ್ತದೆ.

ಭೇಟಿಗೆ ಹೋಗುವಾಗ ನಾಲ್ಕೈದು ಮನೆಯವರು, ಅವರಲ್ಲಿ ನೀರು ನುಗ್ಗಿದ ಮನೆಯ ಹೆಣ್ಣುಮಕ್ಕಳೂ ಇರುವಂತೆ ಹೋಗಿ. ಕಡತದ ಪ್ರತಿಗಳನ್ನು ಸದಸ್ಯರಿಗೂ ಒಂದು ಸೆಟ್ ಕೊಡಿ. ‘ಇಂಥ ದಿನಾಂಕದ ಪತ್ರದಲ್ಲಿ ತಾವು ಬದಲಾವಣೆ ಕೋರಿದ್ದೀರಿ, ಟಿಪ್ಪಣಿಯಲ್ಲಿ ಕಾರಣ ಬರೆದಿಲ್ಲ, ಆ ಕಾರಣ ಏನು? ನಮ್ಮ ಕಾಮಗಾರಿ ಮುಂದಿನ ಯಾವ ಕ್ರಿಯಾ ಯೋಜನೆಯಲ್ಲಿ ಬರುತ್ತದೆ?’ ಎಂದು ಎರಡೇ ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು, ಅದೇ ದಿನ ‘ತಾವು ಇಂದು ಹೀಗೆ ತಿಳಿಸಿದ್ದೀರಿ’ ಎಂದು ಪತ್ರ ಕಳುಹಿಸಿ, ಪ್ರತಿಯನ್ನು ಆಯುಕ್ತರಿಗೂ ವಾರ್ಡಿನ ಎಂಜಿನಿಯರಿಗೂ ಕೊಡಿ. ಸದಸ್ಯರು ಆ ಪತ್ರವನ್ನು ಅಲ್ಲಗಳೆಯದಿದ್ದರೆ ಅದು ಅವರ ವಿವರಣೆಯ ದಾಖಲೆಯಾಗಿ ಉಳಿಯುತ್ತದೆ. ಉತ್ತರಿಸಲು ನಿರಾಕರಿಸಿದರೆ ನಿರಾಕರಿಸಿದರೆಂದೇ ಬರೆಯಿರಿ.

ತಮ್ಮ ವಿಷಯದಲ್ಲಿ ಇಂಟರ್‌ಲಾಕ್ ಕೆಲಸ ಆಗಲೇ ನಡೆಯುತ್ತಿರುವುದರಿಂದ ಆ ಹಣ ಮರಳಿ ಬರುವ ಸಾಧ್ಯತೆ ಕಡಿಮೆ. ಮುಂದಿನ ಕ್ರಿಯಾ ಯೋಜನೆಯ ಕಡೆಗೆ ಈಗಲೇ ಗಮನ ಹರಿಸಿ. ಬಜೆಟ್ ಸಿದ್ಧವಾಗುವ ಮೊದಲು, ಸಾಮಾನ್ಯವಾಗಿ ಚಳಿಗಾಲದ ತಿಂಗಳುಗಳಲ್ಲಿ, ಪಾಲಿಕೆಗಳು ಸಾರ್ವಜನಿಕರೊಡನೆ ಪೂರ್ವಭಾವಿ ಸಭೆ ನಡೆಸುತ್ತವೆ. ಅದಕ್ಕೆ ಬರುವವರು ಕಡಿಮೆಯಾದ್ದರಿಂದ ಅಲ್ಲಿ ಲಿಖಿತವಾಗಿ ಕೊಟ್ಟ ಬೇಡಿಕೆಗೆ ಗಮನ ಸಿಗುತ್ತದೆ. ಹಳೆಯ ಅಂದಾಜು ಪಟ್ಟಿಯ ಪ್ರತಿ, ಮಳೆಗಾಲದಲ್ಲಿ ತೆಗೆದ ದಿನಾಂಕಸಹಿತ ಚಿತ್ರಗಳು, ಕೈಬಿಟ್ಟ ಕಾಮಗಾರಿಯ ನಡಾವಳಿ ಇವನ್ನು ಲಗತ್ತಿಸಿ, ಈ ಕಾಮಗಾರಿಯನ್ನು ಮತ್ತೆ ಬದಲಾಯಿಸುವುದಾದರೆ ಅದಕ್ಕೆ ಮೊದಲು ನಿವಾಸಿಗಳಿಗೆ ಲಿಖಿತವಾಗಿ ತಿಳಿಸಬೇಕು ಎಂಬ ಸಾಲನ್ನು ಬೇಡಿಕೆಯಲ್ಲಿ ಸೇರಿಸಿ. ಮಾಹಿತಿ ಹಕ್ಕು ಅರ್ಜಿಯನ್ನು ಮಾತ್ರ ಸಭೆಯ ತನಕ ಕಾಯದೆ ಈ ವಾರವೇ ಕೊಡಿ. ಬಿಲ್ಲು ಪಾವತಿಯಾಗುವ ಮುಂಚೆ ಕಡತ ನೋಡಿದರೆ ಅದರಲ್ಲಿರುವ ಲೋಪವನ್ನು ಲೆಕ್ಕ ವಿಭಾಗದ ಗಮನಕ್ಕೆ ತರಲು ತಮಗೆ ಸಮಯ ಸಿಗುತ್ತದೆ.